ಗರ್ಭಿಣಿಯ ಊಟ: ಮೈಸೂರಿನ ದಾಖಲೆ, ಪುಣೆಯ ಪಾಠ

ನಮ್ಮ ಕಡೆಯ ತಂಗಿ ಚೊಚ್ಚಲ ಹೆರಿಗೆಗೆಂದು ಬೆಂಗಳೂರಿನಿಂದ ತವರಿಗೆ ಬಂದಿದ್ದಾಳೆ. ತವರೆಂದರೆ ಈಗ ಮೈಸೂರಲ್ಲ, ಕೋಥರೂಡ. ನಮ್ಮ ತಂದೆಯವರು 1982ರಲ್ಲಿ ಕೇಂದ್ರ ಸರಕಾರದ ನೌಕರಿಯಲ್ಲಿ ಪುಣೆಗೆ ವರ್ಗವಾಗಿ ಬಂದು ಇಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ಬಿ.ಎಸ್ಸಿ. ಮುಗಿಸಿದ ನಾವೂ ಕೇಂದ್ರ ಕಚೇರಿಯೊಂದರಲ್ಲಿ ಕಾರಕೂನರಾಗಿ ಸೇರಿ ಇಲ್ಲಿಯವರೇ ಆಗಿಬಿಟ್ಟೆವು. ಹೀಗೆ ಕನ್ನಡ ನಾಡಿನ ಹೆಣ್ಣುಮಗಳು ಬಾಣಂತನಕ್ಕೆ ಮಹಾರಾಷ್ಟ್ರಕ್ಕೆ ಬರುವಂತಾಯಿತು. ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಇದೇ ಕಥೆಯಿರುವುದರಿಂದ ವಾಚಕರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಏಳನೆಯ ತಿಂಗಳಿನಲ್ಲಿ ಸೀಮಂತ ಮಾಡಿದೆವು. ನೆರೆಮನೆಯ ಮರಾಠಿ ತಾಯಂದಿರು ಅದನ್ನು 'ಡೋಹಾಳೆ ಜೇವಣ' ಎಂದು ಕರೆದು ಸಿಹಿ ತಂದರು. ನಮ್ಮ ಶ್ರೀಮತಿಯವರ ಬಾಗಲಕೋಟೆ ಕಡೆಯ ಬಂಧುಗಳು 'ಕುಬಸ' ಎಂದು ಹೋಳಿಗೆ, ಉಂಡೆ ಹೊತ್ತು ತಂದರು. ನಮ್ಮ ತಾಯಿಯವರು ಮೈಸೂರಿನ ಪದ್ಧತಿಯಂತೆ ಚಿತ್ರಾನ್ನ, ಪಾಯಸ ಮಾಡಿಸಿದರು. ಮೂರು ಅಡಿಗೆಮನೆಗಳ ಪ್ರೀತಿಯೂ ಒಂದೇ ಎಲೆಯ ಮೇಲೆ ಬಂದು ಬಿದ್ದಿತು. ಆದರೆ ಅದಕ್ಕೆ ನಾಲ್ಕು ದಿನ ಮೊದಲು ಡಾಕ್ಟರು ತಂಗಿಯ ರಕ್ತದಲ್ಲಿ ಸಕ್ಕರೆಯ ಅಂಶ ಮಿತಿಗಿಂತ ಸ್ವಲ್ಪ ಹೆಚ್ಚಾಗಿದೆಯೆಂದೂ, ತೂಕ ಆಗಲೇ 11 ಕಿಲೋ ಏರಿದೆಯೆಂದೂ ಎಚ್ಚರಿಸಿದ್ದರು. "ಬಸುರಿ ಇಬ್ಬರ ಊಟ ಮಾಡಬೇಕಮ್ಮ, ಈ ತಕ್ಕಡಿಯ ಮಾತು ಕೇಳಿಕೊಂಡು ಕೂರಬೇಡ" ಎಂದು ನಮ್ಮ ತಾಯಿಯವರು ಮತ್ತೊಂದು ಸೌಟು ಪಾಯಸ ಬಡಿಸಿದರು. ತಂಗಿ ನಮ್ಮ ಮುಖ ನೋಡಿದಳು.

ನಮ್ಮ ಶ್ರೀಮತಿಯವರು ಏನೂ ಮಾತನಾಡಲಿಲ್ಲ. ಅವರು ಮೌನವಾಗಿದ್ದುದಕ್ಕೆ ಕಾರಣ ನಮಗೆ ಗೊತ್ತಿತ್ತು. ಹದಿನಾಲ್ಕು ವರ್ಷಗಳ ಹಿಂದೆ ಅವರು ಬಸುರಿಯಾಗಿ ತವರಿಗೆ ಹೋದಾಗ ಅಲ್ಲಿಯ ಹಿರಿಯ ಹೆಂಗಸರು ಕೊಟ್ಟ ಬುದ್ಧಿಮಾತು ಇದಕ್ಕೆ ತೀರ ವಿರುದ್ಧವಾಗಿತ್ತು. "ಅರ್ಧಾ ಹೊಟ್ಟಿ ಉಣ್ಣವಾ, ಕೂಸು ದೊಡ್ಡದಾದ್ರ ಹಡಿಯೂದು ತ್ರಾಸ ಆಗ್ತದ" ಎಂದಿದ್ದರು. ಸೊಪ್ಪು ಶೀತ, ಹಣ್ಣು ಉಷ್ಣ, ಮೊಸರು ಕಫ ಎಂದು ಒಂದೊಂದಾಗಿ ಎಲ್ಲವೂ ತಟ್ಟೆಯಿಂದ ಹೊರಗೆ ಹೋದವು. ನಮ್ಮ ಮಗಳು ಹುಟ್ಟಿದಾಗ ಎರಡು ಕಿಲೋ ನೂರು ಗ್ರಾಂ ಇದ್ದಳು. ಹಿರಿಯರು ಕೇಡು ಬಯಸಿದವರಲ್ಲ. ನಾವೂ ವಿಜ್ಞಾನ ಓದಿದವರಾಗಿ ಒಂದು ಮಾತು ಕೇಳಲಿಲ್ಲ. ಆ ತಪ್ಪು ಎಲ್ಲರಿಗಿಂತ ಹೆಚ್ಚಾಗಿ ನಮ್ಮದೇ.

ಒಂದೇ ಮನೆಯಲ್ಲಿ ಎರಡು ತಲೆಮಾರಿನ ಪ್ರೀತಿ ಒಬ್ಬಳಿಗೆ ಕಡಿಮೆ ಉಣ್ಣು ಎಂದಿತು, ಇನ್ನೊಬ್ಬಳಿಗೆ ಇಮ್ಮಡಿ ಉಣ್ಣು ಎನ್ನುತ್ತಿದೆ. ಇದರಲ್ಲಿ ಯಾವುದು ಸರಿ? ಈ ಪ್ರಶ್ನೆಯನ್ನು ಹಿಡಿದು ಸಂಜೆ ಹೊತ್ತು ಕೈಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆವು. ಓದಿದಂತೆ ಒಂದು ಅಚ್ಚರಿ ಕಾದಿತ್ತು. ಈ ಪ್ರಶ್ನೆಗೆ ಜಗತ್ತು ಕಿವಿಗೊಟ್ಟು ಕೇಳುವಂಥ ಉತ್ತರಗಳು ಬಂದ ಊರುಗಳಲ್ಲಿ ಒಂದು ನಾವು ಬಿಟ್ಟು ಬಂದ ಮೈಸೂರು, ಇನ್ನೊಂದು ನಾವು ಬಂದು ಸೇರಿದ ಪುಣೆ. ನಾವು ವೈದ್ಯರಲ್ಲ. ಇತಿಹಾಸವಾಗಿ ತಿಳಿದುಕೊಂಡದ್ದನ್ನು ಮಾತ್ರ ಇಲ್ಲಿ ಒಪ್ಪಿಸುತ್ತಿದ್ದೇವೆ.

ಎರಡು ಹೃದಯ, ಎರಡು ಹೊಟ್ಟೆಯಲ್ಲ

ಮೊದಲು ನಮ್ಮ ಹಳೆಯ ಶಾಸ್ತ್ರವನ್ನು ನೋಡೋಣ. ನಾಲ್ಕನೆಯ ತಿಂಗಳಿನಲ್ಲಿ ಗರ್ಭದ ಹೃದಯ ವ್ಯಕ್ತವಾಗುವುದರಿಂದ ತಾಯಿಗೆ ಆಗ ಎರಡು ಹೃದಯಗಳೆಂದೂ, ಆಕೆಯನ್ನು 'ದೌಹೃದಿನಿ' ಎನ್ನುವರೆಂದೂ, ಆಕೆಯ ಬಯಕೆಯನ್ನು ತೀರಿಸಬೇಕೆಂದೂ ಸುಶ್ರುತ ಸಂಹಿತೆ ಹೇಳುತ್ತದೆ. ಸಂಸ್ಕೃತದ 'ದೋಹದ'ವೇ ಮರಾಠಿಯ 'ಡೋಹಾಳೆ'. ನಮ್ಮಲ್ಲಿ ಅದಕ್ಕೆ ಬಯಕೆ ಎನ್ನುತ್ತೇವೆ. ಚರಕ ಸಂಹಿತೆಯಲ್ಲಿ ತಿಂಗಳು ತಿಂಗಳಿಗೆ ಪಥ್ಯವಿದೆ: ಮೊದಲ ತಿಂಗಳು ಬರೀ ಹಾಲು, ಮೂರನೆಯ ತಿಂಗಳು ಜೇನು ತುಪ್ಪ ಬೆರೆಸಿದ ಹಾಲು, ನಾಲ್ಕನೆಯದರಲ್ಲಿ ಹಾಲಿನೊಡನೆ ಬೆಣ್ಣೆ, ಎಂಟನೆಯದರಲ್ಲಿ ತುಪ್ಪ ಹಾಕಿದ ಹಾಲಿನ ಗಂಜಿ, ಹೀಗೆ. ಶಾಸ್ತ್ರವು ಎರಡು ಹೃದಯ ಎಂದಿತೇ ಹೊರತು ಎರಡು ಹೊಟ್ಟೆ ಎನ್ನಲಿಲ್ಲ. ಅದರ ಗಮನವಿದ್ದದ್ದು ಅನ್ನದ ರಾಶಿಯ ಮೇಲಲ್ಲ, ಯಾವ ಪದಾರ್ಥ ಯಾವಾಗ ಎಂಬುದರ ಮೇಲೆ.

'ಅರ್ಧ ಹೊಟ್ಟೆ'ಯ ಮಾತು ನಮ್ಮ ಹಳ್ಳಿಗಳ ಮೂಢನಂಬಿಕೆ ಮಾತ್ರವೆಂದು ನಾವು ತಿಳಿದಿದ್ದೆವು. ಅದೂ ಸರಿಯಲ್ಲ. ಶಸ್ತ್ರಕ್ರಿಯೆಯಿಂದ ಮಗುವನ್ನು ತೆಗೆಯುವುದು ಪ್ರಾಣಾಪಾಯದ ಕೆಲಸವಾಗಿದ್ದ ಕಾಲದಲ್ಲಿ, ಮಗು ದೊಡ್ಡದಾಗಿ ಹೆರಿಗೆ ನಿಂತುಹೋದರೆ ತಾಯಿ ಮಗು ಇಬ್ಬರೂ ಉಳಿಯುತ್ತಿರಲಿಲ್ಲ. ಆ ಭಯ ಎಲ್ಲ ದೇಶಗಳಲ್ಲೂ ಇತ್ತು. ಜರ್ಮನಿಯ ಪ್ರೊಖೋವ್ನಿಕ್ ಎಂಬ ವೈದ್ಯರು 1889ರಲ್ಲಿ, ಸೊಂಟದ ಮೂಳೆ ಇಕ್ಕಟ್ಟಾಗಿರುವ ಗರ್ಭಿಣಿಯರಿಗೆ ಹಿಟ್ಟಿನ ಪದಾರ್ಥ ಮತ್ತು ನೀರನ್ನು ಕಡಿಮೆ ಮಾಡಿ ಮಗುವನ್ನು ಸಣ್ಣದಾಗಿಡುವ ಪಥ್ಯವನ್ನು ಸೂಚಿಸಿದ್ದರು. ಬಾಗಲಕೋಟೆಯ ಅಜ್ಜಿಯೂ ಜರ್ಮನಿಯ ಡಾಕ್ಟರೂ ಒಂದೇ ಭಯಕ್ಕೆ ಒಂದೇ ಉಪಾಯ ಹುಡುಕಿದ್ದರು. ಭಯಕ್ಕೆ ಕಾರಣವಾದ ಪರಿಸ್ಥಿತಿ ಬದಲಾಯಿತು. ಉಪಾಯ ಮಾತ್ರ ಬಾಯಿಂದ ಬಾಯಿಗೆ ಉಳಿದುಬಂದಿತು.

ತಕ್ಕಡಿಯ ಕಥೆ

ಗರ್ಭಿಣಿಯನ್ನು ತಿಂಗಳು ತಿಂಗಳೂ ತೂಗುವ ಪದ್ಧತಿ ಇತ್ತೀಚಿನದು. 20ನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಅನೇಕ ವೈದ್ಯರು, ತೂಕ ಹೆಚ್ಚಿದರೆ ರಕ್ತದ ಒತ್ತಡ ಏರಿ ನಂಜಾಗುತ್ತದೆಂದು ನಂಬಿ, 15ರಿಂದ 20 ಪೌಂಡಿಗಿಂತ ಏರಬಾರದೆಂದು ಗರ್ಭಿಣಿಯರನ್ನು ಗದರಿಸುತ್ತಿದ್ದರು. 1964ರಲ್ಲಿ ಬ್ರಿಟನ್ನಿನ ಹೈಟನ್ ಮತ್ತು ಲೀಚ್ ಎಂಬ ವಿಜ್ಞಾನಿಗಳು ಆರೋಗ್ಯವಂತ ಗರ್ಭಿಣಿಯ ತೂಕ ಸುಮಾರು 12.5 ಕಿಲೋ ಏರುತ್ತದೆಂದು ಲೆಕ್ಕ ಕೊಟ್ಟರು. ಅದರಲ್ಲಿ ಮಗುವಿನ ಪಾಲು ಮೂರೂವರೆ ಕಿಲೋದೊಳಗೆ. ಉಳಿದದ್ದು ಮಾಸು, ಗರ್ಭಜಲ, ಬೆಳೆದ ಗರ್ಭಕೋಶ, ಹೆಚ್ಚಿದ ರಕ್ತ, ಮೈಯ ನೀರು ಮತ್ತು ಮುಂದೆ ಹಾಲೂಡಿಸುವುದಕ್ಕೆಂದು ಪ್ರಕೃತಿ ಕೂಡಿಟ್ಟ ಸುಮಾರು ಮೂರು ಕಿಲೋಗೂ ಮಿಕ್ಕ ಕೊಬ್ಬು. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಇದು ತಾಯಿಯ ಭವಿಷ್ಯನಿಧಿ.

ಬಳಿಕ ಗದರಿಕೆಯ ಕಾಲ ಹೋಯಿತು. 1970ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ ಸರಾಸರಿ 24 ಪೌಂಡು ಏರುವುದು ಸರಿಯೆಂದಿತು. 1990ರಲ್ಲಿಯೂ ಮತ್ತೆ 2009ರಲ್ಲಿಯೂ ಅಲ್ಲಿಯ ವೈದ್ಯ ಸಂಸ್ಥೆ ಎಲ್ಲರಿಗೂ ಒಂದೇ ಅಂಕಿ ಕೊಡುವುದನ್ನು ಬಿಟ್ಟು, ಬಸಿರಿಗೆ ಮೊದಲು ಆಕೆ ಹೇಗಿದ್ದಳೆಂಬುದನ್ನು ನೋಡಿ ಮಿತಿ ಹೇಳಿತು. 2009ರ ಲೆಕ್ಕದಂತೆ ತೀರ ತೆಳ್ಳಗಿದ್ದವಳು 12.5ರಿಂದ 18 ಕಿಲೋ, ಸಾಧಾರಣ ಮೈಕಟ್ಟಿನವಳು 11.5ರಿಂದ 16, ದಪ್ಪಗಿದ್ದವಳು 7ರಿಂದ 11.5, ಅತಿ ದಪ್ಪಗಿದ್ದವಳು 5ರಿಂದ 9 ಕಿಲೋ ಏರಬಹುದು. ನಮ್ಮ ದೇಶದಲ್ಲಿ ಸಾಧಾರಣ ಮೈಕಟ್ಟಿನವರಿಗೆ 10ರಿಂದ 12 ಕಿಲೋ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಹೇಳುತ್ತದೆ. ಅಂದರೆ 'ಎಷ್ಟು' ಎಂಬುದಕ್ಕೆ ಉತ್ತರ ಹೇಳಬೇಕಾದರೆ ಬಸಿರಿಗೆ ಮೊದಲಿನ ಹೆಣ್ಣನ್ನು ನೋಡಬೇಕು.

ಊಟ ಕಡಿಮೆಯಾದರೆ ಏನಾಗುತ್ತದೆಂಬುದನ್ನು ಯುದ್ಧವೇ ತೋರಿಸಿತು. 1944ರ ಚಳಿಗಾಲದಲ್ಲಿ ಜರ್ಮನರು ಹಾಲೆಂಡಿನ ಪಶ್ಚಿಮ ಭಾಗಕ್ಕೆ ಆಹಾರ ಹೋಗದಂತೆ ತಡೆದಾಗ ಅಲ್ಲಿಯ ದಿನದ ಪಡಿತರ 1,000 ಕ್ಯಾಲೊರಿಗೂ ಕೆಳಗಿಳಿಯಿತು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಹಸಿದ ತಾಯಂದಿರ ಶಿಶುಗಳು ಸುಮಾರು 300 ಗ್ರಾಂ ಕಡಿಮೆ ತೂಗಿದವು. ಮೊದಲ ತಿಂಗಳುಗಳಲ್ಲಿ ಮಾತ್ರ ಹಸಿದು, ಆಮೇಲೆ ಹೊಟ್ಟೆ ತುಂಬ ಉಂಡವರ ಮಕ್ಕಳ ತೂಕ ಸರಿಯಾಗಿಯೇ ಇತ್ತು. ಆದರೆ ಆ ಮಕ್ಕಳೇ ಐವತ್ತರ ವಯಸ್ಸಿಗೆ ಬಂದಾಗ ಅವರಲ್ಲಿ ಹೃದಯರೋಗ ಹೆಚ್ಚಾಗಿ ಕಂಡಿತು. ತಕ್ಕಡಿ ಸುಳ್ಳು ಹೇಳುವುದಿಲ್ಲ, ಆದರೆ ಎಲ್ಲ ಸತ್ಯವನ್ನೂ ಹೇಳುವುದಿಲ್ಲ.

ಮುಂಬಯಿಯ ಗಿರಣಿ ಹೆಂಗಸರು

ಇನ್ನು ನಮ್ಮ ದೇಶಕ್ಕೆ ಬರೋಣ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರು ಬಸುರಿಯಾದಾಗ ವಿಪರೀತ ರಕ್ತಹೀನತೆಯಿಂದ ಬಿಳಿಚಿಕೊಂಡು ಸಾಯುತ್ತಿದ್ದರು. ಹಾಫ್‌ಕಿನ್ ಸಂಸ್ಥೆಯಲ್ಲಿ ಕುಳಿತು ಅವರು ಈ ಹೆಂಗಸರ ಊಟವನ್ನು ಪರೀಕ್ಷಿಸಿದರು, ಅದೇ ಊಟವನ್ನು ಇಲಿಗಳಿಗೂ ಕೋತಿಗಳಿಗೂ ಹಾಕಿ ನೋಡಿದರು. ಕೊನೆಗೆ 'ಮಾರ್ಮೈಟ್' ಎಂಬ ಅಗ್ಗದ ಈಸ್ಟಿನ ಸಾರವನ್ನು ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು. 1931ರಲ್ಲಿ ಇದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದ ಅಜ್ಞಾತ ವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ಗುರುತಾಯಿತು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಅದನ್ನು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಲ್ಯಾಟಿನ್ ಭಾಷೆಯಲ್ಲಿ ಎಲೆಗೆ ಇರುವ ಹೆಸರನ್ನೇ ಅದಕ್ಕಿಟ್ಟರು. ಇಂದು ಪ್ರತಿಯೊಬ್ಬ ಗರ್ಭಿಣಿಗೂ ಕೊಡುವ ಸಣ್ಣ ಮಾತ್ರೆಯ ಹಿಂದೆ ಮುಂಬಯಿಯ ಹೆಸರಿಲ್ಲದ ಗಿರಣಿ ಹೆಂಗಸರಿದ್ದಾರೆ.

ಅದೇ ಕಾಲದಲ್ಲಿ ನೀಲಗಿರಿಯ ಕೂನೂರಿನಲ್ಲಿ ಮ್ಯಾಕ್‌ಕ್ಯಾರಿಸನ್ ಅವರು ದೇಶದ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ಹಾಕಿ, ಗೋಧಿ, ಹಾಲು, ಸೊಪ್ಪು ತರಕಾರಿಗಳಿದ್ದ ಪಂಜಾಬಿನ ಊಟದಲ್ಲಿ ಇಲಿಗಳು ಚೆನ್ನಾಗಿ ಬೆಳೆದುದನ್ನೂ, ಬರೀ ನುಣುಪು ಅಕ್ಕಿಯ ಊಟದಲ್ಲಿ ಸೊರಗಿದುದನ್ನೂ ತೋರಿಸಿದರು. ಅವರ ನಂತರ ಬಂದ ಆಯ್ಕ್ರಾಯ್ಡ್ ಅವರು 1937ರಲ್ಲಿ ನಮ್ಮ ಧಾನ್ಯ, ಬೇಳೆ, ಸೊಪ್ಪುಗಳ ಸತ್ವಗಳ ಪಟ್ಟಿಯನ್ನು ಅಚ್ಚು ಹಾಕಿಸಿದರು. ಕೂನೂರಿನ ಆ ಪ್ರಯೋಗಾಲಯವೇ ಮುಂದೆ ಹೈದರಾಬಾದಿಗೆ ಹೋಗಿ ಮೇಲೆ ಹೇಳಿದ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು.

ಮೈಸೂರಿನ ಮಿಷನ್ ಆಸ್ಪತ್ರೆಯ ದಾಖಲೆ

ಮೈಸೂರಿನವರಿಗೆ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ಗೊತ್ತಿರಲೇಬೇಕು. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂಬುದು ಅದರ ಪೂರ್ಣ ಹೆಸರು. 1906ರಲ್ಲಿ ಹೆಂಗಸರು ಮಕ್ಕಳಿಗಾಗಿ ಆರಂಭವಾಯಿತು. ನಮ್ಮ ತಾಯಿಯವರು ಹುಟ್ಟಿದ್ದೂ 1953ರಲ್ಲಿ ಅಲ್ಲಿಯೇ. 1934ರಿಂದ ಆ ಆಸ್ಪತ್ರೆಯಲ್ಲಿ ಒಂದು ಶಿಸ್ತು ನಡೆದುಬಂದಿತ್ತು. ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಅಳೆದು ಬರೆದಿಡುತ್ತಿದ್ದರು. ತಾಯಿಯ ತೂಕವನ್ನೂ ಬರೆಯುತ್ತಿದ್ದರು. ದಿನವೂ ಕಡತ ತುಂಬುವ ಕಾರಕೂನರಾದ ನಮಗೆ ಈ ಸಂಗತಿ ಓದಿ ಮೈ ಜುಮ್ಮೆಂದಿತು. ಬರೆದವರು ಯಾರೋ, ಮುಂದೆ ಇದರಿಂದ ಏನು ಪ್ರಯೋಜನವೆಂಬುದು ಅವರಿಗೆ ತಿಳಿದಿರಲಾರದು. ಆದರೂ ಒಂದೂ ಕಾಲಂ ಖಾಲಿ ಬಿಡಬಾರದೆಂಬ ನಿಷ್ಠೆಯಿಂದ ಬರೆದರು.

ಆ ಹೊತ್ತಿಗೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡಾ. ಡೇವಿಡ್ ಬಾರ್ಕರ್ ಅವರು, ಹರ್ಟ್‌ಫರ್ಡ್‌ಶೈರಿನ ಹಳೆಯ ಜನನ ದಾಖಲೆಗಳಿಂದ, ಕಡಿಮೆ ತೂಕದಲ್ಲಿ ಹುಟ್ಟಿದವರು ಮುಂದೆ ಹೃದಯರೋಗದಿಂದ ಹೆಚ್ಚು ಸಾಯುತ್ತಾರೆಂದು ತೋರಿಸಿ ಗದ್ದಲವೆಬ್ಬಿಸಿದ್ದರು. ಅವರ ತಂಡದ ಡಾ. ಕ್ಯಾರೊಲಿನ್ ಫಾಲ್, ನಮ್ಮವರೇ ಆದ ಡಾ. ಕುಮಾರನ್ ಮೊದಲಾದವರು ಮೈಸೂರಿನ ದಾಖಲೆಗಳನ್ನು ಹಿಡಿದು, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿ ಇನ್ನೂ ಆಸ್ಪತ್ರೆಯ ಸುತ್ತಮುತ್ತಲೇ ವಾಸವಾಗಿದ್ದ 517 ಮಂದಿಯನ್ನು ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇಕಡಾ 11 ಜನರಿಗೆ ಹೃದಯರೋಗವಿತ್ತು, 3.1 ಕಿಲೋ ಮತ್ತು ಅದಕ್ಕೂ ಹೆಚ್ಚಿಗೆ ಇದ್ದವರಲ್ಲಿ ಶೇಕಡಾ 3 ಮಾತ್ರ. 45 ವರ್ಷ ದಾಟಿದವರಲ್ಲಿ ಈ ಅಂತರ ಇನ್ನೂ ಸ್ಪಷ್ಟವಾಗಿತ್ತು. ಅವರಲ್ಲಿ ತಾವೂ ಸಣ್ಣಗೆ ಹುಟ್ಟಿ, ತಾಯಿಯ ತೂಕವೂ ಬಸಿರಿನಲ್ಲಿ 45 ಕಿಲೋಗಿಂತ ಕಡಿಮೆಯಿದ್ದವರ ಪಾಡು ಎಲ್ಲಕ್ಕಿಂತ ಕೆಟ್ಟದ್ದು: ಶೇಕಡಾ 20.

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ತಾಯಿಯವರ 'ಇಬ್ಬರ ಊಟ'ವೇ ಗೆದ್ದಿತೆನ್ನಬಹುದು. ಆದರೆ ಅದೇ ದಾಖಲೆಗಳಿಂದ 1998ರಲ್ಲಿ ಮತ್ತೊಂದು ಲೇಖನ ಬಂದಿತು. ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡದ್ದು ಹುಟ್ಟುವಾಗ ಗಿಡ್ಡಗೆ ದಪ್ಪಗೆ ಇದ್ದವರಲ್ಲಿ. ಅವರ ತಾಯಂದಿರು ಹೆಚ್ಚು ತೂಕದವರು. ತಾಯಿಗೇ ಬಸಿರಿನಲ್ಲಿ ಸಕ್ಕರೆ ಏರಿದ್ದಿರಬೇಕೆಂಬ ಅನುಮಾನದಿಂದ 1997-98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ ಸುಮಾರು 6 ಮಂದಿಯಲ್ಲಿ ಈ ತೊಂದರೆ ಸಿಕ್ಕಿತು. ಅಂದರೆ ಸೊರಗಿದ ತಾಯಿಯ ಮಗುವಿಗೆ ಒಂದು ದಾರಿಯಿಂದ ಅಪಾಯ, ಸಕ್ಕರೆ ಏರಿದ ತಾಯಿಯ ಮಗುವಿಗೆ ಇನ್ನೊಂದು ದಾರಿಯಿಂದ. ನಮ್ಮ ಶ್ರೀಮತಿಯವರಿಗೆ ಸಿಕ್ಕ ಬುದ್ಧಿಮಾತೂ ತಪ್ಪು, ನಮ್ಮ ತಂಗಿಗೆ ಸಿಕ್ಕದ್ದೂ ತಪ್ಪು.

ಪುಣೆಯ ಆರು ಹಳ್ಳಿಗಳು

ಹಾಗಾದರೆ ಸರಿಯಾದ ದಾರಿ ಯಾವುದು? ಇದಕ್ಕೆ ಪುಣೆಯ ಕಥೆ ಬೇಕು. ರಾಸ್ತಾ ಪೇಟೆಯ ಕೆ.ಇ.ಎಂ. ಆಸ್ಪತ್ರೆ 1912ರದು. ಅದನ್ನು ಬಹುಕಾಲ ನಡೆಸಿದ ಡಾ. ಬಾನೂ ಕೊಯಾಜಿಯವರು ಆಸ್ಪತ್ರೆಯ ಸೇವೆಯನ್ನು ಸುತ್ತಲಿನ ಹಳ್ಳಿಗಳಿಗೆ ಒಯ್ದವರು. 1993ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಅದೇ ವರ್ಷ ಆ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ ಅವರು ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ತಾಯಂದಿರ ಪೋಷಣೆಯ ಅಧ್ಯಯನವನ್ನು ಆರಂಭಿಸಿದರು. ಊಟದ ಲೆಕ್ಕ ನೋಡಿಕೊಂಡವರಲ್ಲಿ ಮುಖ್ಯರು ಆಘಾರಕರ ಸಂಶೋಧನ ಸಂಸ್ಥೆಯ ಡಾ. ಶೋಭಾ ರಾವ್. ಆ ಸಂಸ್ಥೆ ನಮ್ಮ ಕೋಥರೂಡದಿಂದ ದೂರವಿಲ್ಲ. ಕಚೇರಿಗೆ ಹೋಗುವಾಗ ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದೇವೆ, ಒಳಗೆ ನಮ್ಮ ಮನೆಯ ಪ್ರಶ್ನೆಗೆ ಉತ್ತರವಿದೆಯೆಂದು ತಿಳಿದಿರಲಿಲ್ಲ.

ಈ ಅಧ್ಯಯನದ ವಿಶೇಷವೆಂದರೆ ಹೆಂಗಸರನ್ನು ಬಸಿರಿಗೆ ಮೊದಲೇ ತೂಗಿದ್ದರು. ಸರಾಸರಿ ತೂಕ 41.7 ಕಿಲೋ, ಎತ್ತರ 152 ಸೆಂಟಿಮೀಟರು. ಹೊಲದಲ್ಲಿ ದುಡಿದು, ದೂರದಿಂದ ನೀರು ಹೊತ್ತು ತರುವ ಈ ತಾಯಂದಿರು ಹದಿನೆಂಟನೆಯ ವಾರದಲ್ಲಿ ಉಣ್ಣುತ್ತಿದ್ದುದು ದಿನಕ್ಕೆ ಸುಮಾರು 1,770 ಕ್ಯಾಲೊರಿ. 797 ಗರ್ಭಿಣಿಯರ ಲೆಕ್ಕ 2001ರಲ್ಲಿ ಪ್ರಕಟವಾಯಿತು. ತಿಂಗಳು ತುಂಬಿ ಹುಟ್ಟಿದ ಮಕ್ಕಳ ಸರಾಸರಿ ತೂಕ 2,665 ಗ್ರಾಂ.

ಹೆಚ್ಚು ಕ್ಯಾಲೊರಿ ಉಂಡವರ ಮಕ್ಕಳು ದೊಡ್ಡವಾಗಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಹಾಗಾಗಲಿಲ್ಲ. ಒಟ್ಟು ಕ್ಯಾಲೊರಿಗೂ, ಪ್ರೋಟೀನಿಗೂ, ಮಗುವಿನ ಗಾತ್ರಕ್ಕೂ ಸಂಬಂಧವೇ ಕಾಣಲಿಲ್ಲ. ಗಟ್ಟಿಯಾದ ಸಂಬಂಧ ಕಂಡದ್ದು ಮೂರು ಪದಾರ್ಥಗಳೊಂದಿಗೆ: ಹದಿನೆಂಟನೆಯ ವಾರದಲ್ಲಿ ಕುಡಿದ ಹಾಲು, ಇಪ್ಪತ್ತೆಂಟನೆಯ ವಾರದಲ್ಲಿ ತಿಂದ ಹಸಿರು ಸೊಪ್ಪು ಮತ್ತು ಹಣ್ಣು. ರಕ್ತಕಣಗಳಲ್ಲಿ ಫೋಲಿಕ್ ಆಮ್ಲ ಹೆಚ್ಚಿದ್ದ ತಾಯಂದಿರ ಮಕ್ಕಳೂ ಹೆಚ್ಚು ತೂಗಿದವು. 2003ರ ಮತ್ತೊಂದು ಲೇಖನದಲ್ಲಿ, ಬಸಿರಿನಲ್ಲಿ ಮೈ ಮುರಿಯುವಷ್ಟು ದುಡಿದವರ ಮಕ್ಕಳು ಚಿಕ್ಕವಾಗಿದ್ದುದು ಕಂಡಿತು. ಅನ್ನ, ಭಾಕರಿಯ ರಾಶಿಗಿಂತ ಪಕ್ಕದ ಪಲ್ಲೆಯೂ ವಿಶ್ರಾಂತಿಯೂ ಮುಖ್ಯವಾದವು. ನಮ್ಮ ಮನೆಯಲ್ಲಿ 'ಶೀತ', 'ಉಷ್ಣ'ವೆಂದು ಮೊದಲು ತಟ್ಟೆಯಿಂದ ತೆಗೆದದ್ದು ಇವನ್ನೇ ಎಂದು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಡಾ. ಯಾಜ್ಞಿಕರ ತಂಡ 2003ರಲ್ಲಿ ಇನ್ನೊಂದು ಸಂಗತಿಯನ್ನು ಹೇಳಿತು. ಈ ಹಳ್ಳಿಗಳ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಸುಮಾರು 800 ಗ್ರಾಂ ಹಗುರ. ಆದರೆ ಅವುಗಳಲ್ಲಿ ಕಡಿಮೆಯಾಗಿದ್ದುದು ಮಾಂಸಖಂಡ ಮತ್ತು ಹೊಟ್ಟೆಯೊಳಗಿನ ಅಂಗಗಳು. ಚರ್ಮದ ಕೆಳಗಿನ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ನೋಡಲು ತೆಳು, ಒಳಗೆ ಕೊಬ್ಬು. ತೆಳ್ಳಗಿರುವ ನಮ್ಮವರಿಗೆ ಇಷ್ಟು ಸಕ್ಕರೆ ಕಾಯಿಲೆ ಏಕೆಂಬ ಪ್ರಶ್ನೆಗೆ ಇದೊಂದು ಸುಳಿವು. ನಮ್ಮ ತಾಯಿಯವರು ಒಂದು ದಿನವೂ ದಪ್ಪಗಿದ್ದವರಲ್ಲ, ಆದರೂ ಐವತ್ತಕ್ಕೇ ಸಕ್ಕರೆ ಕಾಯಿಲೆ ಬಂದಿತು. ಒಬ್ಬರ ಕಥೆಯಿಂದ ಸಿದ್ಧಾಂತ ಹೊರಡುವುದಿಲ್ಲವೆಂಬುದು ನಿಜ. ಆದರೂ ಮಿಷನ್ ಆಸ್ಪತ್ರೆಯ ಆ ಹಳೆಯ ಪುಟದಲ್ಲಿ ಅವರ ಹೆಸರಿನ ಮುಂದೆ ಯಾವ ಅಂಕಿಯಿದ್ದೀತೆಂದು ನಾವು ಯೋಚಿಸಿದ್ದುಂಟು.

2008ರಲ್ಲಿ, ಆ ಮಕ್ಕಳಿಗೆ ಆರು ವರ್ಷವಾದಾಗಿನ ಪರೀಕ್ಷೆಯ ಫಲ ಬಂದಿತು. ಆ ತಾಯಂದಿರಲ್ಲಿ ಮೂರರಲ್ಲಿ ಎರಡು ಪಾಲಿನವರಿಗೆ ಬಿ-12 ಜೀವಸತ್ವ ಸಾಲದಾಗಿತ್ತು. ಫೋಲಿಕ್ ಆಮ್ಲ ಹೆಚ್ಚಿದ್ದು ಬಿ-12 ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲಿಯೇ ಇನ್ಸುಲಿನ್ನಿನ ಕೆಲಸ ಎಲ್ಲರಿಗಿಂತ ಕುಂಠಿತವಾಗಿತ್ತು. ಇದನ್ನು ಓದಿ ಯಾರೂ ಮಾತ್ರೆ ಬಿಡಕೂಡದು. ಫೋಲಿಕ್ ಆಮ್ಲ ಶಿಶುವಿನ ಬೆನ್ನುಹುರಿಯ ದೋಷವನ್ನು ತಡೆಯುತ್ತದೆ. ಇದರ ಪಾಠವೇನೆಂದರೆ, ಒಂದು ಸತ್ವವನ್ನು ಮಾತ್ರ ತುಂಬಿದರೆ ಸಾಲದು. ಬಿ-12 ಸೊಪ್ಪಿನಲ್ಲಿಲ್ಲ, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ನಮ್ಮಂಥ ಸಸ್ಯಾಹಾರಿ ಮನೆಗಳಲ್ಲಿ ಬಸುರಿಗೆ ಹಾಲು ಮೊಸರು ತಪ್ಪಿಸುವುದು ದೊಡ್ಡ ತಪ್ಪು. ಅದೂ ಸಾಲದಿದ್ದರೆ ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಬೇಕು.

ಬಸಿರಿಗೆ ಮೊದಲೇ

ಪುಣೆಯಲ್ಲಿ ಕಂಡದ್ದನ್ನು ಮುಂಬಯಿಯಲ್ಲಿ ಒರೆಗೆ ಹಚ್ಚಿದರು. 2006ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಕೊಳಚೆ ಪ್ರದೇಶಗಳ 6,500ಕ್ಕೂ ಮಿಕ್ಕ ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಸೊಪ್ಪು, ಹಣ್ಣು, ಹಾಲು ಸೇರಿಸಿದ ತಿಂಡಿಯನ್ನೂ, ಉಳಿದವರಿಗೆ ಆಲೂಗಡ್ಡೆ, ಈರುಳ್ಳಿ ಮುಂತಾದವುಗಳ ತಿಂಡಿಯನ್ನೂ ಬಸಿರಿಗೆ ಮೊದಲಿನಿಂದಲೇ ಕೊಟ್ಟರು. 2014ರಲ್ಲಿ ಬಂದ ಫಲಿತಾಂಶ ಬುದ್ಧಿ ಕಲಿಸುವಂಥದು. ಎಲ್ಲರನ್ನೂ ಒಟ್ಟಿಗೆ ನೋಡಿದರೆ ವ್ಯತ್ಯಾಸವಿರಲಿಲ್ಲ. ಆದರೆ ಬಸಿರಿಗೆ ಮೂರು ತಿಂಗಳಾದರೂ ಮೊದಲು ತಿನ್ನತೊಡಗಿದವರ ಮಕ್ಕಳು ಸರಾಸರಿ 48 ಗ್ರಾಂ ಹೆಚ್ಚು ತೂಗಿದವು. ತೀರ ಸೊರಗಿದ ತಾಯಂದಿರಿಗೆ ಮಾತ್ರ ಅದೂ ಸಹಾಯವಾಗಲಿಲ್ಲ. ಬಸಿರಿನ ಸಕ್ಕರೆ ತೊಂದರೆಯಂತೂ ಆಲೂಗಡ್ಡೆಯ ಗುಂಪಿನಲ್ಲಿ ಶೇಕಡಾ 12.4 ಇದ್ದರೆ, ಸೊಪ್ಪಿನ ಗುಂಪಿನಲ್ಲಿ 7.3ಕ್ಕೆ ಇಳಿದಿತ್ತು.

ಸರಕಾರಗಳೂ ಕೈಕಟ್ಟಿ ಕುಳಿತಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. 2017ರ ಅಕ್ಟೋಬರ್ 2ರಿಂದ ಕರ್ನಾಟಕ ಸರಕಾರ 'ಮಾತೃಪೂರ್ಣ' ಎಂಬ ಹೆಸರಿನಲ್ಲಿ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿಯೇ ಬಿಸಿಯೂಟ, ಹಾಲು, ಮೊಟ್ಟೆ, ಚಿಕ್ಕಿ ಕೊಡತೊಡಗಿತು. ಇವೆಲ್ಲ ಬಸಿರು ನಿಂತ ಮೇಲಿನ ಊಟ. ಅದಕ್ಕೆ ಮುಂಚಿನ ಹದಿನೈದು ಇಪ್ಪತ್ತು ವರ್ಷಗಳ ಊಟ ಮಾತ್ರ ನಮ್ಮ ನಮ್ಮ ಅಡಿಗೆಮನೆಯ ಜವಾಬ್ದಾರಿ.

ಮತ್ತೆ ಮನೆಗೆ

ಇಷ್ಟನ್ನೂ ನಾವು ನಮ್ಮ ತಾಯಿಯವರಿಗೆ ಮೈಸೂರಿನ ಆಸ್ಪತ್ರೆಯಿಂದ ಶುರುಮಾಡಿ ಹೇಳಿದೆವು. ತಾವು ಹುಟ್ಟಿದ ಆಸ್ಪತ್ರೆಯ ಹೆಸರು ಬಂದುದರಿಂದಲೋ ಏನೋ, ಕೊನೆಯವರೆಗೂ ಕೇಳಿದರು. "ಹಾಗಾದರೆ ಬಸುರಿಗೆ ಹೆಚ್ಚಿಗೆ ಏನೂ ಬೇಡವೇನೋ?" ಎಂದರು. ಬೇಕು, ಆದರೆ ದಿನಕ್ಕೆ 350 ಕ್ಯಾಲೊರಿ ಮಾತ್ರ ಎಂದೆವು. ಸರಿಸುಮಾರು ಒಂದು ಜೋಳದ ರೊಟ್ಟಿ, ಒಂದು ಲೋಟ ಹಾಲು, ಒಂದು ಬಾಳೆಹಣ್ಣು. ಅಷ್ಟಕ್ಕೆ 'ಇಬ್ಬರ ಊಟ' ಮುಗಿಯಿತು. ನಮ್ಮ ತಂಗಿಯಂತೆ ಸಕ್ಕರೆ ಏರಿದ್ದರೆ ಇದನ್ನೂ ಡಾಕ್ಟರು ಹೇಳಿದಂತೆ ಹಂಚಿಕೊಂಡು ತಿನ್ನಬೇಕು. ಆಕೆ ಈಗ ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ ಉಣ್ಣುತ್ತಾಳೆ, ಊಟದ ನಂತರ ಅಂಗಳದಲ್ಲಿ ನಡೆಯುತ್ತಾಳೆ. ಪಾಯಸದ ಪಾತ್ರೆ ಅಟ್ಟ ಸೇರಿದೆ. ಕಳೆದ ವಾರದ ಪರೀಕ್ಷೆಯಲ್ಲಿ ಸಕ್ಕರೆ ಮಿತಿಯೊಳಗೆ ಬಂದಿದೆ. ಹೆರಿಗೆಗೆ ಇನ್ನೂ ಆರು ವಾರವಿದೆ. ದೇವರ ದಯೆಯಿಂದ ಎಲ್ಲ ಸುಸೂತ್ರವಾಗಲಿ.

ಕೋಥರೂಡದ ಮಂಡಿಯಲ್ಲಿ ಸೊಪ್ಪಿಗೆ ಬರವಿಲ್ಲ. ಹೆಸರು ತಿಳಿಯದೆ ನಮ್ಮ ಹೆಂಗಸರು ಮೆಂತ್ಯ, ಪಾಲಕ್ ಎರಡನ್ನೇ ತರುತ್ತಾರೆ. ಹೊಸದಾಗಿ ಬಂದವರಿಗಾಗಿ ಹೇಳುತ್ತೇವೆ: ಇಲ್ಲಿಯ ಅಂಬಾಡಿಯೇ ನಮ್ಮ ಪುಂಡಿಪಲ್ಲೆ, ಶೇಪು ಎಂದರೆ ಸಬ್ಬಸಿಗೆ, ಚಾಕವತ ಎಂದರೆ ಚಕ್ಕೋತ, ಅಳೂ ಎಂದರೆ ಕೆಸುವು, ಶೇವಗಾ ಎಂದರೆ ನುಗ್ಗೆ. ಬೇಳೆ ಹಾಕಿದ ಪುಂಡಿಪಲ್ಲೆ, ಪಕ್ಕದಲ್ಲಿ ಮೊಸರು, ಮೇಲೊಂದು ಪೇರಲಹಣ್ಣು; ಪುಣೆಯ ಆರು ಹಳ್ಳಿಗಳ ತಾಯಂದಿರು ಕಲಿಸಿದ ಪಾಠವೆಲ್ಲ ಆ ತಟ್ಟೆಯಲ್ಲಿದೆ.

ಕೊನೆಯದಾಗಿ ಒಂದು ಮಾತು. ಮೊನ್ನೆ ರಾತ್ರಿ ಊಟಕ್ಕೆ ಕುಳಿತಾಗ ನಮ್ಮ ಮಗಳು ಎಂದಿನಂತೆ ಪಲ್ಲೆಯನ್ನು ತಟ್ಟೆಯ ಅಂಚಿಗೆ ಸರಿಸಿದಳು. ಎರಡು ಕಿಲೋ ನೂರು ಗ್ರಾಂ ಇದ್ದ ಕೂಸು ಅವಳೇ. ಈಗ ಎಂಟನೆಯ ಇಯತ್ತೆ, ಕಡ್ಡಿಯಂತಿದ್ದಾಳೆ. ಗೆಳತಿಯರ ಮಾತು ಕೇಳಿ ಬೆಳಿಗ್ಗೆ ಹಾಲನ್ನೂ ಬಿಟ್ಟಿದ್ದಾಳೆ. ಇಷ್ಟು ದಿನವೂ ಮಾತನಾಡದೆ ಕೇಳುತ್ತಿದ್ದ ನಮ್ಮ ಶ್ರೀಮತಿಯವರು ಆಗ ಬಾಯಿ ಬಿಟ್ಟರು. "ಎಲ್ಲಾರೂ ನಾದಿನಿ ತಾಟ ನೋಡಾಕತ್ತೀರಿ. ನೋಡಬೇಕಾದ್ದು ಈ ತಾಟ" ಎಂದು ಮಗಳ ತಟ್ಟೆಯನ್ನು ತೋರಿಸಿದರು.

ಮೈಸೂರಿನ ದಾಖಲೆಯೂ ಪುಣೆಯ ಹಳ್ಳಿಗಳೂ ಹೇಳಿದ್ದನ್ನು ನಾವು ಇಷ್ಟು ಪುಟಗಳಲ್ಲಿ ಬರೆದೆವು. ಅವರು ಒಂದೇ ಮಾತಿನಲ್ಲಿ ಮುಗಿಸಿದರು. ಬಸುರಿಯ ಊಟ ಬಸಿರಿನಲ್ಲಿ ಆರಂಭವಾಗುವುದಿಲ್ಲ. ನಮ್ಮ ಸಂಘದ ಮನೆಗಳಲ್ಲಿ ಇಂದು ಶಾಲೆಗೆ ಹೋಗುತ್ತಿರುವ ಹೆಣ್ಣುಮಕ್ಕಳ ತಟ್ಟೆಗೆ ಹಾಲು, ಸೊಪ್ಪು, ಹಣ್ಣು ಬೀಳುತ್ತಿದೆಯೇ ಎಂಬುದನ್ನು ತಂದೆಯಾದವರೂ ದಿನಕ್ಕೊಮ್ಮೆ ನೋಡಲಿ. ಹದಿನಾಲ್ಕು ವರ್ಷಗಳ ಹಿಂದೆ ನಾವು ನೋಡಲಿಲ್ಲ. ಈಗ ದಿನವೂ ಸಂಜೆ ಕಚೇರಿಯಿಂದ ಬರುವಾಗ ಮಂಡಿಗೆ ಹೋಗಿ ಸೊಪ್ಪು ತರುವ ಕೆಲಸವನ್ನು ನಾವೇ ವಹಿಸಿಕೊಂಡಿದ್ದೇವೆ.